ಜಕಾತಿ ನಾಕಾದ ರಸೂಲಬಿ

ಬಂದರು ಇರುವ ಊರುಗಳಲ್ಲಿ ಸುಂಕದ ಕಟ್ಟಡ ಸಮುದ್ರಕ್ಕೆ ಮುಖ ಮಾಡಿ ನಿಂತಿರುತ್ತದೆ. ದಪ್ಪ ಕಂಬ, ಎತ್ತರದ ಬಾಗಿಲು, ದೂರದ ಹಡಗು ಕಾಣಲೆಂದು ಒಂದು ಮಹಡಿ. ನಮ್ಮ ಧಾರವಾಡಕ್ಕೆ ಸಮುದ್ರ ಎಲ್ಲಿಂದ ತರುವುದು? ಬ್ರಿಟಿಷರು ಇಲ್ಲಿ ಕಟ್ಟಿಸಿದ ಸುಂಕದ ಕಟ್ಟಡ ಎತ್ತಿನ ಗಾಡಿಗಳ ಕಡೆ ಮುಖ ಮಾಡಿತ್ತು. ಮುಗದ ಎಂಬ ಹಳ್ಳಿಯ ಕಡೆಯಿಂದ ಊರಿಗೆ ಬರುವ ದಾರಿಯ ಏರು ಮುಗಿಯುವಲ್ಲಿ, ಬೇವಿನ ಮರದ ಮಗ್ಗುಲಿಗೆ, ಕರಿಕಲ್ಲಿನ ಒಂದು ಖೋಲಿ. ಅದರ ಮುಂದೆ ಕಮಾನುಗಳಿದ್ದ ಪಡಸಾಲೆ, ಮೇಲೆ ಮಂಗಳೂರು ಹಂಚು. ರಸ್ತೆಗೆ ಅಡ್ಡಲಾಗಿ ಉದ್ದನೆಯ ಒಂದು ಕಟ್ಟಿಗೆ, ಅದು ಸಲೀಸಾಗಿ ಮೇಲೇಳಲೆಂದು ಬುಡಕ್ಕೆ ಕಟ್ಟಿದ ಗುಂಡುಕಲ್ಲು. ಹತ್ತಿ, ಬೆಲ್ಲ, ತಂಬಾಕು, ಬೆಣ್ಣೆ, ಏನೇ ಇರಲಿ, ಊರೊಳಗೆ ಹೋಗುವ ಗಾಡಿಯೂ ತಲೆಹೊರೆಯೂ ಅಲ್ಲಿ ನಿಂತು ಜಕಾತಿ ಕಟ್ಟಬೇಕು. ಕಟ್ಟಿದ ಮೇಲೆ ಕಟ್ಟಿಗೆ ಮೇಲೇಳುತ್ತದೆ. ಇದಕ್ಕೆ ನಾಕಾ ಅನ್ನುತ್ತಿದ್ದರು. ಜಕಾತಿ ಹೋಗಿ ಎಷ್ಟೋ ಕಾಲವಾಯಿತು, ಆ ಜಾಗಕ್ಕೆ ಆಟೋದವರು ಇನ್ನೂ ನಾಕಾ ಅಂತಲೇ ಕರೆಯುತ್ತಾರೆ.

ಈ ಕಟ್ಟಡದ ಇತಿಹಾಸ ಬರೆದುಕೊಡಿ ಎಂದು ಅದನ್ನು ಉಳಿಸುವ ಸಮಿತಿಯವರು ನನಗೆ ಹೇಳಿದ್ದರು. ಕಲ್ಲಿನ ಇತಿಹಾಸ ನನಗೇನು ಗೊತ್ತು? ಕಲ್ಲು ಯಾವ ಗಣಿಯದು, ಕಮಾನು ಯಾವ ಶೈಲಿಯದು ಎಂದು ಬರೆಯುವವರು ಬೇರೆ ಇದ್ದಾರೆ. ನನಗೆ ಗೊತ್ತಿರುವುದು ಆ ಪಡಸಾಲೆಯಲ್ಲಿ ಕೂತ ಹೆಂಗಸು. ಅವಳ ಕತೆಯನ್ನೇ ಬರೆಯುತ್ತಿದ್ದೇನೆ.

ರಸೂಲಬಿಯ ಕೆಲಸ ಏನಿತ್ತೆಂದು ಈಗಿನವರಿಗೆ ಹೇಳಿದರೆ ನಗುತ್ತಾರೆ. ನಾಕಾದ ಗಂಡಸರು ಗಾಡಿ ತಡಕುತ್ತಿದ್ದರು, ಚೀಲಕ್ಕೆ ಸಲಾಕೆ ಚುಚ್ಚಿ ನೋಡುತ್ತಿದ್ದರು. ಹೆಂಗಸರ ಮೈ ಮುಟ್ಟುವಂತಿಲ್ಲ. ಹಳ್ಳಿಯ ಹೆಂಗಸರಿಗೆ ಇದು ಚೆನ್ನಾಗಿ ಗೊತ್ತಿತ್ತು. ಮೇಲೆ ಮೆಂತ್ಯದ ಸಿವುಡು, ಒಳಗೆ ತಂಬಾಕು. ಮೇಲೆ ಮಜ್ಜಿಗೆ ಗಡಿಗೆ, ಸೆರಗಿನ ಗಂಟಿನಲ್ಲಿ ಬೆಣ್ಣೆ. ಅದಕ್ಕಾಗಿ ಹೆಂಗಸರ ಝಡತಿ ಮಾಡಲು, ಅಂದರೆ ಮೈದಡವಿ ತಪಾಸಣೆ ಮಾಡಲು, ಒಬ್ಬ ಹೆಂಗಸನ್ನೇ ಇಟ್ಟಿದ್ದರು. ಜನ ಅವಳನ್ನು ಝಡತಿ ಬಾಯಿ ಎಂದು ಕರೆಯುತ್ತಿದ್ದರು. ಮೊದಲು ರಸೂಲಬಿಯ ಅತ್ತೆ ಇದ್ದಳು, ಬ್ರಿಟಿಷರ ಕಾಲದಿಂದಲೂ. ಅತ್ತೆಯ ಕಣ್ಣಿಗೆ ಪೊರೆ ಬಂದ ಮೇಲೆ ಸೊಸೆ ಬಂದಳು. ಪಡಸಾಲೆಯ ಎಡ ತುದಿಯಲ್ಲಿ ಗೋಣಿತಟ್ಟಿನ ಒಂದು ಪರದೆ. ಹೆಂಗಸರು ಹೊರೆ ಇಳಿಸಿ ಸಾಲಾಗಿ ನಿಲ್ಲುವುದು, ಒಬ್ಬೊಬ್ಬರೇ ಪರದೆಯ ಹಿಂದೆ ಹೋಗುವುದು, ಬರುವುದು.

ಝಡತಿ ಮುಗಿದ ಮೇಲೆ ಒಂದು ರೂಢಿ ಇತ್ತು. ತಲೆಹೊರೆಯನ್ನು ಇಳಿಸುವುದು ಒಬ್ಬರಿಗೆ ಆದೀತು, ಎತ್ತಿ ತಲೆಗೆ ಇಟ್ಟುಕೊಳ್ಳಲು ಎರಡನೆಯ ಕೈ ಬೇಕೇಬೇಕು. ನಾಕಾದಲ್ಲಿ ಆ ಕೈ ಝಡತಿ ಬಾಯಿಯದು. ಅವಳು ಮೊಣಕಾಲು ಮಡಚಿ, ಹೊರೆಯ ಬುಡಕ್ಕೆ ಕೈ ಹಾಕಿ, ‘ಯಾ ಅಲ್ಲಾ’ ಎಂದು ಎತ್ತಿ ತಲೆಗೆ ಇಟ್ಟಳೆಂದರೆ ತಪಾಸಣೆ ಆಯಿತೆಂದೇ ಲೆಕ್ಕ. ಒಳಗೆ ಪಾವತಿ ಬರೆಯುವ ಕಾರಕೂನ ಅದನ್ನೊಂದು ನೋಡುತ್ತಿದ್ದ, ಬೇರೆ ಏನೂ ಕೇಳುತ್ತಿರಲಿಲ್ಲ. ಅವಳು ಎತ್ತದ ಹೊರೆ ದಾಟುವಂತಿಲ್ಲ. ಎತ್ತಿದ ಹೊರೆಯನ್ನು ಯಾವ ಸಾಹೇಬನೂ ಕೆಳಗೆ ಇಳಿಸುವಂತಿಲ್ಲ.

ಎತ್ತಿಕೊಟ್ಟದ್ದಕ್ಕೆ ಹೆಂಗಸರು ಅವಳ ಅಂಗೈಗೆ ಏನಾದರೂ ಇಡುತ್ತಿದ್ದರು. ಬೆರಳ ತುದಿಯಷ್ಟು ಬೆಣ್ಣೆ, ಹಿಡಿ ಅವಲಕ್ಕಿ, ಎಳೆ ಸವತೆಕಾಯಿ. ಆ ಕಾಲದಲ್ಲಿ ನಾವು ರೈತರನ್ನು ಕಟ್ಟಿಕೊಂಡು ಜಕಾತಿ ವಿರುದ್ಧ ಕೂಗಾಡುತ್ತ ತಿರುಗುತ್ತಿದ್ದ ಹುಡುಗರು. ಇದೂ ಲಂಚವೇ ಎಂದು ಒಂದು ದಿನ ಅವಳ ಮುಖಕ್ಕೇ ಹೇಳಿದೆ.

ಅವಳು ಎರಡೂ ಅಂಗೈ ತೆರೆದು ನನ್ನ ಮೂಗಿನ ಕೆಳಗೆ ಹಿಡಿದಳು. ಗೋಣಿ, ಹಗ್ಗ, ಸೌದೆ ಹಿಡಿದು ಹಿಡಿದು ಬಿರುಕು ಬಿಟ್ಟಿದ್ದವು.

‘ಲಂಚ ಅಂದ್ರ ಒಳಗ ಖುರ್ಚಿ ಮ್ಯಾಲೆ ಕುಂತಾವ ತಗೊಳ್ಳೋದು, ಲೀಡರಾ. ಇದು ಕೈಗೆ ಹಚ್ಚಿಕೊಳ್ಳೋದು. ಬೇಕಾದ್ರ ನೀನೂ ಸ್ವಲ್ಪ ಗಂಟಲಿಗೆ ಹಚ್ಚಿಕೋ, ಒದರಿ ಒದರಿ ಕೆಟ್ಟೈತಿ.’

ಅವತ್ತಿನಿಂದ ನಾನು ಅವಳಿಗೆ ಲೀಡರ್. ಈಗ ನನ್ನ ಹಲ್ಲು ಬಿದ್ದರೂ ಆ ಹೆಸರು ಬಿದ್ದಿಲ್ಲ.

ಮುಗದದ ಕಾಳವ್ವ ಅವಳ ಜೀವದ ಗೆಳತಿ. ಗೆಳೆತನ ಶುರುವಾದದ್ದೇ ಕಳ್ಳತನದಿಂದ. ಆ ಕತೆಯನ್ನು ಇಬ್ಬರೂ ಸೇರಿ ಎಷ್ಟು ಸಲ ಹೇಳಿದ್ದಾರೋ, ಪ್ರತಿ ಸಲವೂ ಜಗಳವಾಡುತ್ತಾರೆ. ತಲೆಯ ಮೇಲೆ ಹೊರೆ ಅಲುಗದೆ ನಿಲ್ಲಲು ಹಳೆ ಸೀರೆಯ ತುಂಡನ್ನು ಬಳೆಯ ಹಾಗೆ ಸುತ್ತಿ ಸಿಂಬಿ ಮಾಡಿಕೊಳ್ಳುತ್ತಾರಲ್ಲ, ಕಾಳವ್ವ ಆ ಸಿಂಬಿಯ ಒಳಗೆ ಬೆಣ್ಣೆ ಇಟ್ಟುಕೊಂಡು ಬಂದಿದ್ದಳು. ಮುತ್ತಲ ಎಲೆಯಲ್ಲಿ ಸುತ್ತಿ, ಮೇಲೆ ಅರಿವೆ ಬಿಗಿದು, ಅದರ ಮೇಲೆ ಸೊಪ್ಪಿನ ಬುಟ್ಟಿ. ಝಡತಿ ಬಾಯಿ ಸೊಂಟ ತಡಕುತ್ತಾಳೆ, ಸೆರಗು ತಡಕುತ್ತಾಳೆ, ಸಿಂಬಿ ಯಾರು ಬಿಚ್ಚುತ್ತಾರೆ? ಉಪಾಯ ಚೆನ್ನಾಗಿಯೇ ಇತ್ತು. ಆದರೆ ಅವತ್ತು ಹತ್ತಿ ಗಾಡಿಗಳ ಸಾಲು ಏರು ಇಳಿದು ಹಳ್ಳದವರೆಗೂ ನಿಂತಿತ್ತು. ಶಿವರಾತ್ರಿ ಕಳೆದ ಬಿಸಿಲು. ಬುಟ್ಟಿ ಇಳಿಸಿದರೆ ಸಿಂಬಿಯನ್ನು ಕೈಯಲ್ಲಿ ಹಿಡಿಯಬೇಕಾದೀತೆಂದು ಕಾಳವ್ವ ಹೊರೆ ಇಳಿಸದೆ ಹಾಗೆಯೇ ನಿಂತಳು. ಬೆಣ್ಣೆ ಕರಗಿತು.

‘ಇಕಿ ಪರದೆ ಹಿಂದ ಬಂದ್ಲಾ,’ ರಸೂಲಬಿ ಹೇಳುತ್ತಾಳೆ, ‘ಹಣಿ ಮ್ಯಾಲಿಂದ ತುಪ್ಪ ಸೋರಾಕತ್ತಿತ್ತು! ಕುಂಕುಮ ಎಲ್ಲಾ ಮೂಗಿಗೆ ಬಂದಿತ್ತು. ಘಮ ಘಮ ಅನ್ನಾಕತ್ತಿದ್ಲು, ದೋಸಿ ಹಂಚಿನ ಗತೆ.’

‘ತುಪ್ಪ ಎಲ್ಲಿಂದ ಬರ್ತೈತಿ? ಬೆಣ್ಣಿ ಕರಗಿತ್ತು ಅಷ್ಟ. ಸುಳ್ಳ ಹೇಳಬ್ಯಾಡ ಬೇ.’

‘ನಿನ್ನ ತಲಿ ಕಾದಿದ್ದ ನೋಡಿದ್ರ ತುಪ್ಪ ಆಗಾಕ ಎಷ್ಟೊತ್ತು?’

ಹೊರಗೆ ಕಾರಕೂನ ನಿಂತಿದ್ದ. ರಸೂಲಬಿ ತನ್ನ ಸೆರಗಿನಿಂದ ಕಾಳವ್ವನ ಹಣೆ, ಕಿವಿ, ಕುತ್ತಿಗೆ ಒರೆಸಿ, ಪರದೆ ಸರಿಸಿ, ಊರಿಗೆಲ್ಲ ಕೇಳುವಂತೆ ಒದರಿದಳು: ‘ಏನ ಬೆವರ್ತಾವಪ್ಪಾ ಈ ಮುಗದದ ಹೆಣಮಕ್ಕಳು! ಏನೂ ಇಲ್ಲ, ಹೋಗ್ಲಿ!’ ಎಂದವಳೇ ಹೊರೆ ಎತ್ತಿಕೊಟ್ಟಳು. ಕಾಳವ್ವ ಪೇಟೆಗೆ ಹೋಗಿ ಸೊಪ್ಪು ಮಾರಿದಳು. ಬೆಣ್ಣೆ ತಲೆಗೆ ಎಣ್ಣೆಯಾಗಿ ಹೋಯಿತು. ಆ ಮೇಲೆ ಪ್ರತಿ ಸಂತೆಗೂ ಅವಳು ನಾಕಾದಲ್ಲಿ ನಿಂತಳು, ಬೇಕಿರಲಿ ಬೇಡದಿರಲಿ.

ನಾವು ನಾಕಾದ ಕಟ್ಟಿಗೆ ಮುರಿಯಲು ಹೋದ ದಿನವೂ ರಸೂಲಬಿ ಅಲ್ಲೇ ಇದ್ದಳು. ರೈತರು ಗಾಡಿಗಳನ್ನು ಅಡ್ಡ ಬಿಟ್ಟಿದ್ದರು, ಕಾರಕೂನ ಹಿಂದಿನ ಬಾಗಿಲಿಂದ ಓಡಿದ್ದ. ಕೊಡಲಿ ಹಾಕಿ ಕಟ್ಟಿಗೆ ಎರಡು ತುಂಡು ಮಾಡಿದೆವು. ಯಾರೋ ಹಂಚಿಗೆ ಕಲ್ಲು ಎತ್ತಿದರು. ಅವಳು ಪಡಸಾಲೆಯ ಮೆಟ್ಟಿಲ ಮೇಲೆ ನಡಕ್ಕೆ ಕೈ ಕೊಟ್ಟು ನಿಂತಳು.

‘ಕಟ್ಟಿಗಿ ಮುರದ್ರಿ, ಛಲೋ ಆತು. ಹಂಚೇನ ಮಾಡೇತ್ರಿ ನಿಮಗ? ಬಿಸಿಲಾಗ ಹೆಣಮಕ್ಕಳು ಎಲ್ಲೆ ನಿಂದರಬೇಕು, ನಿಮ್ಮ ಭಾಷಣದ ಕೆಳಗೇನು?’

ಕಲ್ಲು ಎತ್ತಿದವನು ಕಲ್ಲು ಕೆಳಗಿಟ್ಟ. ಆ ಹಂಚಿನ ಮಾಡು ಇವತ್ತಿಗೂ ಉಳಿದಿದ್ದರೆ ಅದು ಆ ಮಾತಿನಿಂದ.

ಮುಂದೆ ಸರಕಾರ ಜಕಾತಿ ತೆಗೆದುಹಾಕಿತು. ಒಳ್ಳೆಯದಾಯಿತು, ಅದರಲ್ಲಿ ಎರಡು ಮಾತಿಲ್ಲ. ಮಾರುವ ಮೊದಲೇ ಸುಂಕ ಕಟ್ಟು ಅನ್ನುವುದಕ್ಕಿಂತ ನಾಚಿಕೆಗೇಡು ಯಾವುದಿತ್ತು? ನಾವು ಗುಲಾಲು ಎರಚಿಕೊಂಡು ಮೆರವಣಿಗೆ ಮಾಡಿದೆವು. ನಾಕಾದ ಗಂಡಸರನ್ನು ಬೇರೆ ಬೇರೆ ಖಾತೆಗೆ ಹಾಕಿದರು. ಝಡತಿ ಬಾಯಿ ದಿನಗೂಲಿಯವಳು, ಅವಳನ್ನು ಯಾವ ಖಾತೆಗೆ ಹಾಕುತ್ತಾರೆ? ಮನೆಗೆ ಹೋಗು ಎಂದರು. ಅವಳು ಮನೆಗೆ ಹೋಗಿ ಒಂದು ಸೀಮೆಎಣ್ಣೆ ಸ್ಟೋವು, ಒಂದು ಪಾತೇಲಿ ತಂದು, ಪರದೆ ಇದ್ದ ಮೂಲೆಯಲ್ಲೇ ಚಹಾ ಇಟ್ಟಳು. ಖೋಲಿಗೆ ಬೀಗ ಬಿತ್ತು, ಪಡಸಾಲೆಗೆ ಬೀಗ ಹಾಕಲು ಬಾಗಿಲೇ ಇರಲಿಲ್ಲ.

ಹಳ್ಳಿಯ ಹೆಂಗಸರು ಬರುವುದು ಬಿಡಲಿಲ್ಲ. ಮೊದಲು ನಡೆದು ಬರುತ್ತಿದ್ದರು, ಆಮೇಲೆ ಬಸ್ಸು, ಈಗ ಟೆಂಪೊ. ಟೆಂಪೊದಿಂದ ಇಳಿದು ಪಡಸಾಲೆಯಲ್ಲಿ ಹೊರೆ ಇಟ್ಟು, ಚಹಾ ಕುಡಿದು, ಎಲೆ ಅಡಿಕೆ ಹಾಕಿಕೊಂಡು, ‘ಎತ್ತಬೇ ಬೀಬಿ’ ಅನ್ನುವುದು. ಅವಳು ಎತ್ತಿ ತಲೆಗೆ ಇಡುವುದು. ಯಾವ ಕಾರಕೂನನೂ ನೋಡುತ್ತಿರಲಿಲ್ಲ, ಆದರೂ ಅವಳು ಎತ್ತದೆ ಯಾರೂ ಪೇಟೆ ಕಡೆ ಹೆಜ್ಜೆ ಇಡುತ್ತಿರಲಿಲ್ಲ. ಗಂಡ ತೀರಿಕೊಂಡ. ಮಗ ಮುಕ್ತಾರ ಆಟೋ ತೆಗೆದುಕೊಂಡ, ಮನೆ ಕಟ್ಟಿಸಿದ, ಮನೆಯಲ್ಲಿ ಇರು ಎಂದ. ‘ಸೊಸಿ ಕೈಯಾಗ ಚಹಾ ಕೇಳಿ ಕುಡಿಯೋದಕ್ಕಿಂತ ಮಂದಿಗೆ ಚಹಾ ಮಾರೋದು ಛಲೋ’ ಎಂದಳು. ಸೊಸೆ ಒಳ್ಳೆಯವಳೇ. ಕೇಳುವುದು ರಸೂಲಬಿಗೆ ಆಗದ ಮಾತು, ಅಷ್ಟೇ.

ರಸ್ತೆ ಅಗಲ ಮಾಡುವ ಮಾತು ಬಂದಾಗ ನಾಕಾ ಕಟ್ಟಡಕ್ಕೆ ಕೆಡವುವ ಕೆಂಪು ಗುರುತು ಬಿತ್ತು. ಆಗ ಏಕನಾಥ ಮಾಸ್ತರರು ಒಂದು ಸಮಿತಿ ಕಟ್ಟಿದರು. ನಿವೃತ್ತ ಇತಿಹಾಸದ ಮಾಸ್ತರರು, ಸಜ್ಜನರು, ಇಸ್ತ್ರಿ ಅಂಗಿಯ ಮನುಷ್ಯ. ಅವರ ಅಣ್ಣನ ಮಗಳು ಋತುಜಾ ಕಟ್ಟಡಗಳ ವಿನ್ಯಾಸ ಓದಿದವಳು, ನಕ್ಷೆ ಮಾಡಿಕೊಟ್ಟಳು. ಕೂಗಲು ಗಂಟಲು ಬೇಕಿತ್ತು, ನನ್ನನ್ನೂ ಸೇರಿಸಿಕೊಂಡರು. ನಾಕಾ ಮುರಿಯಲು ಹೋದವನೇ ನಾಕಾ ಉಳಿಸಿ ಎಂದು ಧರಣಿ ಕೂತೆ. ರಸೂಲಬಿ ಧರಣಿಗೆ ಚಹಾ ಕೊಟ್ಟಳು, ದಿನಾ ಒಂದು ಮಾತು ಚುಚ್ಚಿದಳು.

‘ಏ ಲೀಡರಾ, ಅವತ್ತು ಮುರೀರಿ ಅಂತ ಒದರಿದಿ, ಇವತ್ತು ಉಳಸರಿ ಅಂತ ಒದರತಿ. ನಾಳೆ ಏನ ಅಂತ ಒದರತಿ?’

‘ಚಹಾಕ್ಕ ಸಕ್ಕರಿ ಹಾಕ್ರಿ ಅಂತ.’

‘ಅದೊಂದು ಆಗೂದಿಲ್ಲ ನೋಡು, ನಿನಗ ಸಕ್ಕರಿ ಬ್ಯಾನಿ ಐತಿ.’

ಕೊನೆಗೆ ರಸ್ತೆಯನ್ನು ಸ್ವಲ್ಪ ಬಗ್ಗಿಸಿದರು. ಕಟ್ಟಡ ಉಳಿಯಿತು. ನಾವು ಪೇಢೆ ಹಂಚಿದೆವು. ರಸೂಲಬಿಯೂ ಒಂದು ತಿಂದಳು.

ಪೇಢೆ ಕರಗುವ ಮೊದಲೇ ಸಭೆ ಕರೆದರು. ಖೋಲಿಯೊಳಗೆ ಜಕಾತಿಯ ಕಾಲದ ತಕ್ಕಡಿ, ತೂಕದ ಕಲ್ಲು, ಫೋಟೊ ಇಡಬೇಕು. ಪಡಸಾಲೆಯನ್ನು ಬ್ರಿಟಿಷರ ಕಾಲದಲ್ಲಿ ಹೇಗಿತ್ತೋ ಹಾಗೆ ಮಾಡಬೇಕು. ಗೋಡೆಯ ಮಸಿ ತೊಳೆಯಬೇಕು, ಆದ್ದರಿಂದ ಚಹಾದ ಒಲೆ ಹೋಗಬೇಕು. ಒಲೆಯ ಜೊತೆ ಒಲೆಯವಳೂ. ನಾನು ಬೇಡ ಎಂದೆ. ಕೈ ಎತ್ತಿಸಿ ನೋಡಿದರು, ಎದ್ದದ್ದು ನನ್ನದೊಂದೇ ಕೈ.

ಅವಳಿಗೆ ಹೇಳಲು ಮಾಸ್ತರರು ಸ್ವತಃ ಹೋದರು. ನಾನೂ ಋತುಜಾಳೂ ಹಿಂದೆ ನಿಂತಿದ್ದೆವು.

‘ರಸೂಲಬಿ, ತಪ್ಪು ತಿಳಕೋಬ್ಯಾಡ್ರಿ. ನಿಮ್ಮ ಮ್ಯಾಲೆ ನಮಗೇನೂ ಸಿಟ್ಟಿಲ್ಲ. ಹೊಗಿಯಿಂದ ಕಲ್ಲು ಹಾಳಾಗ್ಲಿಕ್ಕೆ ಹತ್ತೇದ. ಬಸ್ ಸ್ಟಾಪಿನ ಹಂತ್ಯಾಕ ನಿಮಗೊಂದು ಡಬ್ಬಿ ಅಂಗಡಿ ಕೊಡಸ್ತೇವಿ.’

‘ಡಬ್ಬ್ಯಾಗ ಕುಂತು ಹೊರಿ ಹೆಂಗ ಎತ್ತಲ್ರಿ ಮಾಸ್ತರ?’

‘ಹೊರಿ ಯಾಕ ಎತ್ತಬೇಕು? ಚಹಾ ಮಾರ್ರಿ.’

‘ಚಹಾ ಊರ ತುಂಬ ಸಿಗತೈತ್ರಿ. ಮುಗದದ ಮಂದಿ ಅಷ್ಟ ದೂರಿಂದ ನನ್ನ ಚಹಾಕ್ಕ ಇಲ್ಲೆ ಇಳೀತಾರಂತ ತಿಳದೀರೇನು? ಈ ಚಹಾ ನಾನ ಕುಡಿಯೂದಿಲ್ಲ.’

ಋತುಜಾ ನಕ್ಕಳು. ಮಾಸ್ತರರು ನಗಲಿಲ್ಲ.

‘ನೋಡ್ರಿ, ಬ್ರಿಟಿಷರ ಕಾಲಕ್ಕ ಹೆಂಗಿತ್ತೋ ಹಂಗ ಇಡಬೇಕು ಅಂತ ನಮ್ಮ ಯೋಜನಾ ಅದ.’

‘ಬ್ರಿಟಿಷರ ಕಾಲಕ್ಕ ಇಲ್ಲೆ ನಮ್ಮತ್ತಿ ಕೂಡತಿದ್ಲು. ಆಮ್ಯಾಲೆ ನಾ ಕುಂತೆ. ಗೋಡಿ ಹಂಗ ಇರಬೇಕು, ಮಂದಿ ಮಾತ್ರ ಇರಬಾರದು ಅಂದ್ರ ಅದು ಎಂಥಾ ಹಂಗರಿ?’

ಮಾಸ್ತರರು ಕನ್ನಡಕ ಒರೆಸಿಕೊಂಡರು. ಉದ್ಘಾಟನೆಗೆ ಮೊದಲು ಖಾಲಿ ಆಗಬೇಕು ಎಂದು ಮೆತ್ತಗೆ ಹೇಳಿ ಹೊರಟರು.

ರಸೂಲಬಿ ಅಳಲಿಲ್ಲ, ಬೈಯಲಿಲ್ಲ. ನಾನು ಧರಣಿ ಕೂಡೋಣ ಎಂದೆ. ‘ನೀ ಕೂಡೂದು, ನಾ ಚಹಾ ಮಾಡೂದು, ಅವರು ಬಂದು ಕುಡಿಯೂದು. ಸಾಕಾತು ಬಿಡು’ ಎಂದಳು. ಮರುದಿನ ಸ್ಟೋವು, ಪಾತೇಲಿ, ಚಹಾಪುಡಿಯ ಡಬ್ಬಿ ಎಲ್ಲವನ್ನೂ ಇಳಿಸಿ ಬೇವಿನ ಮರದ ಕೆಳಗೆ ಇಟ್ಟಳು. ಇಳಿಸಿದವಳೇ ಬಕೆಟ್ಟು, ತೆಂಗಿನ ನಾರು ತಂದು ತನ್ನ ಒಲೆಯ ಮಸಿಯನ್ನು ತಾನೇ ತಿಕ್ಕಲು ಕೂತಳು. ಋತುಜಾ ಬಂದು ನೋಡಿ, ಚಪ್ಪಲಿ ಬಿಟ್ಟು, ತಾನೂ ಒಂದು ನಾರು ಹಿಡಿದಳು. ಇಬ್ಬರೂ ಸಂಜೆಯವರೆಗೆ ತಿಕ್ಕಿದರು. ಗೋಡೆಯಲ್ಲಿ ಎದೆಯೆತ್ತರಕ್ಕೆ ಎರಡು ಕಬ್ಬಿಣದ ಕೊಂಡಿ ಕಂಡವು.

‘ಇವು ಏನು ಅಜ್ಜಿ?’

‘ಪರದೆ ಕಟ್ಟೂವು. ಗೋಣಿತಟ್ಟು.’

ಋತುಜಾ ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡಳು. ಮುಂದಿನ ವಾರ ಅಮರಗೋಳದ ಮಾರುಕಟ್ಟೆಗೆ ಹೋಗಿ ಹಳೆಯ ಗೋಣಿಚೀಲ ತಂದು ಹೊಲಿಸಿ ಅದೇ ಕೊಂಡಿಗೆ ಪರದೆ ಕಟ್ಟಿಸಿದಳು. ಮೆಟ್ಟಿಲ ಮಗ್ಗುಲಿಗೆ ಹೊಸ ಅಡ್ಡಕಟ್ಟಿಗೆಯೂ ಬಂತು, ಬುಡಕ್ಕೆ ಗುಂಡುಕಲ್ಲು ಸಮೇತ. ನಾವು ಮುರಿದದ್ದಕ್ಕಿಂತ ಗಟ್ಟಿಯಾಗಿತ್ತು. ಬಣ್ಣವನ್ನೂ ಬಳಿದಿದ್ದರು. ಪರದೆಯ ಪಕ್ಕದಲ್ಲಿ ಒಂದು ಖಾಲಿ ಮಣೆ. ರಸೂಲಬಿ ಮರದ ಕೆಳಗೆ ಕೂತು ಅದನ್ನೆಲ್ಲ ನೋಡುತ್ತಿದ್ದಳು. ಎದ್ದು ಹತ್ತಿರ ಹೋಗಲಿಲ್ಲ. ಆ ವಾರ ಹೆಂಗಸರು ಟೆಂಪೊದಿಂದ ಇಳಿದಾಗ ಕೆಲಸದವರು ಪಡಸಾಲೆಗೆ ಹಗ್ಗ ಕಟ್ಟಿದ್ದರು. ಮಣ್ಣಿನ ಮೇಲೆ ಹೊರೆ ಇಟ್ಟರು, ಸೊಪ್ಪಿಗೆ ಧೂಳು ಹತ್ತಿತು. ಅಷ್ಟು ಕೆಳಗಿಂದ ಎತ್ತುವಾಗ ರಸೂಲಬಿಯ ಮೊಣಕಾಲು ಕಟಕ್ ಎಂದಿತು. ಪಡಸಾಲೆಯ ಅಂಚಿನ ಎತ್ತರ ಹೊರೆ ಎತ್ತಲೆಂದೇ ಇದ್ದದ್ದು.

‘ಮುಂದಿನ ವಾರದಿಂದ ಪ್ಯಾಟ್ಯಾಗ ಇಳೀತೇವಿ ಬಿಡು ಬೇ,’ ಒಬ್ಬಳು ಹೇಳಿದಳು, ‘ಟೆಂಪೊ ಅಲ್ಲೀತನಾ ಹೋಗತೈತಿ.’

ರಸೂಲಬಿ ಕಪ್ಪು ತೊಳೆಯುತ್ತಿದ್ದಳು. ‘ಹೌದು, ಹಂಗ ಮಾಡ್ರಿ’ ಎಂದಳು. ಅವಳ ಮುಖ ನಾನು ನೋಡಿದೆ. ಪಡಸಾಲೆ ಹೋದದ್ದು ಒಂದು, ಈ ಮಾತು ಇನ್ನೊಂದು. ಕಾಳವ್ವ ಮಾತ್ರ ಎಲೆಗೆ ಸುಣ್ಣ ಹಚ್ಚುತ್ತ ಆ ಹೊಸ ಕಟ್ಟಿಗೆಯನ್ನೇ ನೋಡುತ್ತಿದ್ದಳು.

ಉದ್ಘಾಟನೆಯ ದಿನ ಗೊತ್ತು ಮಾಡುವಾಗ ಸಮಿತಿಯವರು ಅತಿಥಿಗೆ ಬಿಡುವು ಯಾವಾಗ ಎಂದು ಕೇಳಿದರು, ಮಳೆ ಬಂದೀತೇ ಎಂದು ಕೇಳಿದರು, ರಾಹುಕಾಲ ನೋಡಿದರು. ಸಂತೆಯ ದಿನ ಎಂದು ಯಾರಿಗೂ ಹೊಳೆಯಲಿಲ್ಲ. ಸಂತೆಗೆ ಹೋಗದವರಿಗೆ ಅದು ಹೊಳೆಯುವುದೂ ಇಲ್ಲ.

ಬೆಳಿಗ್ಗೆಯೇ ಬಿಸಿಲು ಏರಿತ್ತು. ಕಮಾನಿಗೆ ಹೂವಿನ ಸರ, ಮೆಟ್ಟಿಲಿಗೆ ರಂಗೋಲಿ. ಅಡ್ಡಕಟ್ಟಿಗೆಗೆ ರಿಬ್ಬನ್ನು ಕಟ್ಟಿದ್ದರು, ಅತಿಥಿ ರಿಬ್ಬನ್ನು ಕತ್ತರಿಸಿದ ಮೇಲೆ ಅದು ಮೇಲೇಳಬೇಕು. ಅತಿಥಿ ದೊಡ್ಡ ಹುದ್ದೆಯಲ್ಲಿದ್ದ ಹೆಣ್ಣುಮಗಳು. ಅವರ ಕಾರು ಇನ್ನೂ ಬಂದಿರಲಿಲ್ಲ. ಮುಗದದ ಟೆಂಪೊ ಬಂತು, ಪೇಟೆಗೆ ಹೋಗದೆ ನಾಕಾದಲ್ಲೇ ನಿಂತಿತು.

ಮೊದಲು ಇಳಿದವಳು ಕಾಳವ್ವ. ತಲೆಯ ಮೇಲೆ ಬುಟ್ಟಿ. ಅಡ್ಡಕಟ್ಟಿಗೆ ನೋಡಿದಳು, ಗೋಣಿ ಪರದೆ ನೋಡಿದಳು, ನಿಂತಳು.

‘ಯವ್ವಾ! ಮತ್ತ ಚಾಲೂ ಆತೇನ ಬೇ ಜಕಾತಿ?’

ಹಿಂದಿನವರು ನಕ್ಕರು. ಕಾಳವ್ವ ನಗಲಿಲ್ಲ. ಮೆಟ್ಟಿಲ ಮುಂದೆ, ರಂಗೋಲಿ ತುಳಿಯದೆ, ಹೋಗಿ ನೆಟ್ಟಗೆ ನಿಂತಳು. ಅವಳ ಹಿಂದೆ ಅವಳ ವಯಸ್ಸಿನ ಇಬ್ಬರು, ಅವರ ಹಿಂದೆ ಸೊಸೆಯರು, ಮೊಮ್ಮಕ್ಕಳು. ಮುದುಕಿಯರಿಗೆ ಆ ಸಾಲು ಕಾಲಿಗೆ ಗೊತ್ತಿತ್ತು. ಚಿಕ್ಕವರು ಬಾಯಿಗೆ ಸೆರಗು ಇಟ್ಟುಕೊಂಡು ಕಿಸಿಕಿಸಿ ಎನ್ನುತ್ತ ನಿಂತರು. ಇನ್ನೊಂದು ಟೆಂಪೊ ಬಂತು, ಸಾಲು ಬೆಳೆಯಿತು. ರಸ್ತೆಗೆ ಅಡ್ಡವಾಯಿತು.

ಏಕನಾಥ ಮಾಸ್ತರರು ಓಡಿಬಂದರು. ‘ಏನ್ರವಾ ಇದು? ಸರೀರಿ, ಅತಿಥಿಗಳು ಬರ್ಲಿಕ್ಕೆ ಹತ್ಯಾರ!’

‘ಝಡತಿ ಆಗದ ಹೆಂಗ ದಾಟೋದ್ರಿ?’ ಕಾಳವ್ವ ಕೇಳಿದಳು.

‘ಅವ್ವಾ, ಇದು ಖರೇ ನಾಕಾ ಅಲ್ಲ. ನೋಡ್ಲಿಕ್ಕೆ ಇಟ್ಟದ್ದು.’

‘ಕಟ್ಟಿಗಿ ಖರೇ ಐತಿ. ಪರದೆ ಖರೇ ಐತಿ. ಮಣಿ ಹಾಕೀರಿ. ಕೂಡಾಕಿ ಎಲ್ಲದಾಳ್ರಿ?’

ಮಾಸ್ತರರು ಮರದ ಕಡೆ ನೋಡಿದರು. ರಸೂಲಬಿ ಸ್ಟೋವಿಗೆ ಪಂಪು ಹೊಡೆಯುತ್ತಿದ್ದಳು. ಈ ಕಡೆ ತಲೆ ಎತ್ತಲಿಲ್ಲ.

‘ಹಂಗಾದ್ರ ನೀವ ಎತ್ತಿಕೊಡ್ರಿ ಮಾಸ್ತರ, ಹೋಗಿಬಿಡ್ತೇವಿ’ ಎಂದು ಕಾಳವ್ವ ಬುಟ್ಟಿಯನ್ನು ಮೆಟ್ಟಿಲ ಮೇಲೆ ಇಳಿಸಿಯೇ ಬಿಟ್ಟಳು. ಒಬ್ಬಳು ಇಳಿಸಿದ ಮೇಲೆ ಎಲ್ಲರೂ ಇಳಿಸಿದರು. ಮೆಂತ್ಯ, ಹರಿವೆ, ಮೂಲಂಗಿ, ಅವಲಕ್ಕಿ ಚೀಲ, ಮಜ್ಜಿಗೆಯ ಕೊಡ. ರಂಗೋಲಿ ಎಲ್ಲಿತ್ತೆಂದೇ ತಿಳಿಯದಾಯಿತು. ಮಾಸ್ತರರು ಪಾಪ ಬಗ್ಗಿದರು, ಬುಟ್ಟಿಗೆ ಕೈ ಹಾಕಿದರು, ಅರ್ಧಕ್ಕೆ ನಿಂತು ಸೊಂಟ ಹಿಡಿದುಕೊಂಡರು. ಇಸ್ತ್ರಿ ಅಂಗಿಗೆ ಮೆಂತ್ಯದ ನೀರು. ಯಾರೂ ನಗಲಿಲ್ಲ. ಸೊಂಟದ ಸಂಕಟ ಆ ಸಾಲಿನಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ.

ಏರಿನ ಕೆಳಗೆ ಕಾರಿನ ಹಾರ್ನು ಕೇಳಿಸಿತು.

‘ಕಾಕಾ,’ ಋತುಜಾ ಹತ್ತಿರ ಬಂದು ಮೆತ್ತಗೆ ಹೇಳಿದಳು, ‘ಅಜ್ಜೀನ್ನ ಕರೀರಿ.’

‘ನೀ ಕರಿ.’

‘ಇಳೀರಿ ಅಂದವರು ನೀವು. ನೀವ ಕರೀಬೇಕು.’

ಮಾಸ್ತರರು ಸೊಂಟ ಹಿಡಿದುಕೊಂಡೇ ಬೇವಿನ ಮರದ ಕೆಳಗೆ ಹೋದರು. ನಾನು ಅಲ್ಲೇ ಕೂತಿದ್ದೆ. ಬಾಯಿ ಬಿಗಿ ಹಿಡಿದಿದ್ದೆ, ನನಗದು ಸುಲಭದ ಕೆಲಸವಲ್ಲ.

‘ರಸೂಲಬಿ, ಮ್ಯಾಲೆ ಬರ್ರಿ. ಇವರನ್ನೆಲ್ಲ ಕಳಸ್ರಿ.’

‘ನೀವ ಇಳೀರಿ ಅಂದಿದ್ರಲ್ರಿ.’

‘ಈಗ ನಾನ ಏರ್ರಿ ಅನ್ಲಿಕ್ಕೆ ಹತ್ತೇನಿ.’

‘ಇವತ್ತಿಗಷ್ಟನೋ, ದಿನಾನೋ?’

ಮಾಸ್ತರರು ಸಾಲಿನ ಕಡೆ ತಿರುಗಿದರು. ಎಲ್ಲ ಹೆಂಗಸರೂ ಇತ್ತ ನೋಡುತ್ತಿದ್ದರು. ಕಿಸಿಕಿಸಿ ನಿಂತಿತ್ತು. ಅವರು ಕೆಟ್ಟ ಮನುಷ್ಯ ಅಲ್ಲ ಎಂದು ಮೊದಲೇ ಹೇಳಿದ್ದೇನೆ. ಸ್ವಲ್ಪ ಹೊತ್ತು ಗೋಡೆ ನೋಡಿದರು, ಪರದೆ ನೋಡಿದರು, ಆ ಖಾಲಿ ಮಣೆ ನೋಡಿದರು.

‘ಒಲಿ ಮಾತ್ರ ಬ್ಯಾಡ್ರಿ. ಕಲ್ಲು ಕಪ್ಪಾಗ್ತದ.’

‘ಒಲಿ ಇಲ್ಲೇ ಇರ್ಲಿ. ನಾನರ?’

‘ದಿನಾ,’ ಮಾಸ್ತರರು ಎಂದರು. ಆಮೇಲೆ ಸಾಲಿಗೆ ಕೇಳುವಂತೆ ಇನ್ನೊಮ್ಮೆ, ‘ದಿನಾ ಬಂದು ಕೂಡ್ರಿ.’

ರಸೂಲಬಿ ಸ್ಟೋವು ಸಣ್ಣ ಮಾಡಿದಳು. ನನ್ನ ಕಡೆ ತಿರುಗಿ ‘ಹಾಲು ನೋಡ್ಕೋ ಲೀಡರಾ, ಇದರ ಮಾಡು’ ಎಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೊಣಕಾಲಿಗೆ ಕೈ ಊರಿ, ಮೆಟ್ಟಿಲು ಹತ್ತಿದಳು. ಪರದೆ ಸರಿಸಿ ಒಮ್ಮೆ ಮೂಸಿ ನೋಡಿದಳು. ಹೊಸ ಸುತಳಿಯ ವಾಸನೆ ಇತ್ತು ಕಾಣುತ್ತದೆ, ಮುಖ ಸಿಂಡರಿಸಿದಳು. ಮಣೆಯನ್ನು ಕಾಲಿನಿಂದ ಗೋಡೆಗೆ ಸರಿಸಿದಳು. ಝಡತಿ ಬಾಯಿ ಎಂದೂ ಕೂತು ಝಡತಿ ಮಾಡಿದವಳಲ್ಲ.

‘ಬರ್ರೆವಾ, ಒಬ್ಬೊಬ್ಬರ!’

ಅತಿಥಿಗಳ ಕಾರು ಬಂದು ಸಾಲಿನ ಹಿಂದೆ ನಿಂತಾಗ ಅವರಿಗೆ ಇದೆಲ್ಲ ಸಮಿತಿಯವರು ಮಾಡಿಸಿದ ನಾಟಕ ಅನ್ನಿಸಿತು. ಬಹಳ ಸಂತೋಷಪಟ್ಟು ಕಾರಿನಿಂದ ಇಳಿದು ತಾವೂ ಸಾಲಿನಲ್ಲಿ ನಿಂತರು. ಮಾಸ್ತರರು ಅಲ್ಲ ಎಂದೂ ಹೇಳಲಿಲ್ಲ, ಹೌದು ಎಂದೂ ಹೇಳಲಿಲ್ಲ. ಹುಡುಗಿಯರು ಪರದೆಯ ಹಿಂದೆ ಹೋಗಿ ಕಚಗುಳಿಯಿಂದ ಚೀರಿದರು. ಅತಿಥಿಯ ಸರದಿ ಬಂದಾಗ ರಸೂಲಬಿ ಅವರ ಸೊಂಟ ತಡಕಿ, ಮೊಬೈಲು ತೆಗೆದು ನೋಡಿ, ‘ಇದಕ್ಕ ಜಕಾತಿ ಇಲ್ರಿ, ನಮ್ಮ ಕಾಲಕ್ಕ ಇರ್ಲಿಲ್ಲ’ ಎಂದು ವಾಪಸು ಕೊಟ್ಟಳು. ಪ್ರತಿ ಹೊರೆಯನ್ನೂ ಪಡಸಾಲೆಯ ಅಂಚಿನಿಂದ ಎತ್ತಿ ತಲೆಗೆ ಇಟ್ಟಳು. ಭಾರದ ಹೊರೆಗಳಿಗೆ ಇನ್ನೊಂದು ಮಗ್ಗುಲಿಗೆ ಋತುಜಾ ಕೈ ಕೊಟ್ಟಳು. ಅವಳ ಅಂಗೈಗೆ ಯಾರೋ ಬೆಣ್ಣೆ ಇಟ್ಟರು. ಏನು ಮಾಡಬೇಕೆಂದು ತಿಳಿಯದೆ ಅವಳು ಅದನ್ನು ಹಿಡಿದುಕೊಂಡೇ ನಿಂತಿದ್ದಳು, ಆಮೇಲೆ ನೆಕ್ಕಿಬಿಟ್ಟಳು.

ಮೊದಲು ನಿಂತ ಕಾಳವ್ವ ಎಲ್ಲರನ್ನೂ ಮುಂದೆ ಬಿಟ್ಟು ಕೊನೆಗೆ ಬಂದಳು. ಬುಟ್ಟಿ ಮೆಟ್ಟಿಲ ಮೇಲೆಯೇ ಇತ್ತು, ಸಿಂಬಿ ಮಾತ್ರ ಅಷ್ಟು ಹೊತ್ತೂ ತಲೆಯ ಮೇಲೇ ಇತ್ತು. ನಾನು ಹಾಲು ಬಿಟ್ಟು ಎದ್ದು ನಿಂತು ನೋಡಿದೆ. ಬಿಸಿಲಿಗೆ ಅವಳ ಹಣೆ ಮಿರಿಮಿರಿ ಎನ್ನುತ್ತಿತ್ತು, ಕಿವಿಯ ಹಿಂದಿನಿಂದ ಎಣ್ಣೆಯಂಥ ಒಂದು ಎಳೆ ಕುತ್ತಿಗೆಗೆ ಇಳಿದಿತ್ತು. ಇಬ್ಬರೂ ಪರದೆಯ ಹಿಂದೆ ಹೋದರು. ಆಮೇಲೆ ಯಾರೋ ಮೂಗು ಏರಿಸಿಕೊಂಡ ಸದ್ದು, ಯಾರದೆಂದು ನಾನು ಹೇಳಲಾರೆ.

ಪರದೆ ಸರಿಯಿತು. ರಸೂಲಬಿ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಿದ್ದಳು.

‘ಬರೇ ಬೆವರು,’ ಎಂದು ಊರಿಗೆಲ್ಲ ಕೇಳುವಂತೆ ಒದರಿದಳು, ‘ಏನೂ ಇಲ್ಲ, ಹೋಗ್ಲಿ!’

ಬುಟ್ಟಿಗೆ ಕೈ ಹಾಕಿ ‘ಯಾ ಅಲ್ಲಾ’ ಎಂದಳು. ಬುಟ್ಟಿ ತಲೆಗೆ ಏರಿತು. ಕಾಳವ್ವ ಕುತ್ತಿಗೆ ಅಲುಗಿಸದೆ ಪೇಟೆಯ ಕಡೆ ನಡೆದಳು. ಅಡ್ಡಕಟ್ಟಿಗೆಯ ರಿಬ್ಬನ್ನು ಕತ್ತರಿಸಲು ಎಲ್ಲರೂ ಮರೆತಿದ್ದರು. ಈಗ ಗುಂಡುಕಲ್ಲನ್ನು ಯಾರೋ ಜಗ್ಗಿದರು, ರಿಬ್ಬನ್ನು ಸಮೇತ ಕಟ್ಟಿಗೆ ಮೇಲೆದ್ದಿತು.

ಹಾಲು ಉಕ್ಕಿ ಸ್ಟೋವು ಆರಿತ್ತು. ರಸೂಲಬಿ ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು ಬಂದಳು. ಇನ್ನು ಪ್ರತಿ ಕಪ್ಪಿಗೂ ಹೀಗೆ ಇಳಿಯಬೇಕು, ಏರಬೇಕು. ನಾನು ಅದನ್ನು ಹೇಳಿದೆ.

‘ನಿನಗ ಹಾಲು ಕಾಯಾಕ ಹಚ್ಚಿದ್ದೆ,’ ಎಂದಳು, ‘ಕಾಲು ಕಾಯಾಕಲ್ಲ.’ ಪಾತೇಲಿ ತೊಳೆಯಲು ಕೂತಳು.